ಟಿಕೆಟ್ ಇಲ್ಲದೆ ನೋಡುವ ಬಹುರೂಪಿ: ರಂಗಾಯಣದ ಅಂಗಳದಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಏನಿದೆ?

ಮೈಸೂರಿನ ರಂಗಾಯಣ ಎಂದರೆ ನಾಟಕ ಆಡುವ ಜಾಗ ಅಂತ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ನಡೆಯುವ ‘ಬಹುರೂಪಿ’ ರಾಷ್ಟ್ರೀಯ ನಾಟಕೋತ್ಸವಕ್ಕೆ ಹೋಗುವ ಎಲ್ಲರೂ ನಾಟಕ ನೋಡೋಕೆ ಹೋಗುವುದಿಲ್ಲ. ಪುಸ್ತಕದ ಮಳಿಗೆ ಮುಂದೆ ನಿಲ್ಲುವವರು, ಕೈಮಗ್ಗದ ಬಟ್ಟೆ ಮುಟ್ಟಿ ನೋಡುವವರು, ದೇಸಿ ಆಹಾರ ಮೇಳದಲ್ಲಿ ರೊಟ್ಟಿ ತಿನ್ನುವವರು, ವಿಚಾರ ಸಂಕಿರಣದಲ್ಲಿ ಕೂರುವವರು, ಸಂಜೆ ಜನಪದ ಕುಣಿತ ನೋಡಿ ಮನೆಗೆ ಹೊರಡುವವರು, ಹೀಗೆ ಟಿಕೆಟ್ ಕೌಂಟರ್ ಕಡೆ ತಿರುಗಿಯೂ ನೋಡದ ಜನ ಅಲ್ಲಿ ಕಡಿಮೆ ಇಲ್ಲ. ಅಂಗಳಕ್ಕೆ ಬರೋಕೆ ಯಾರೂ ದುಡ್ಡು ಕೇಳಲ್ಲ.

ಈ ಮೂರು ತಾಲ್ಲೂಕಿನ ಮಟ್ಟಿಗೆ ಬಹುರೂಪಿ ಅಂದ್ರೆ ಹೆಚ್ಚೂಕಮ್ಮಿ ಆ ಅಂಗಳವೇ. ಕಾರಣ ಸರಳ: ಬಸ್ಸು. ಮುಖ್ಯ ನಾಟಕಗಳು ಶುರುವಾಗುವುದೇ ಸಂಜೆ 6.30, 7 ಗಂಟೆ ಹೊತ್ತಿಗೆ. ಮುಗಿಯುವಾಗ ರಾತ್ರಿಯಾಗಿರುತ್ತೆ. ಕೊಳ್ಳೇಗಾಲದಿಂದ ಟಿ. ನರಸೀಪುರದ ಮೇಲೆ ಮೈಸೂರಿಗೆ ಸುಮಾರು 60 ಕಿ.ಮೀ. ದಾರಿ. ಹನೂರಿನವರಿಗೆ ಕೊಳ್ಳೇಗಾಲದಿಂದಾಚೆ ಇನ್ನೂ 20ಕ್ಕೂ ಹೆಚ್ಚು ಕಿ.ಮೀ. ಉಂಟು. ರಾಮಾಪುರ, ಲೊಕ್ಕನಹಳ್ಳಿ ಕಡೆಯವರ ಪಾಡು ಹೇಳುವುದೇ ಬೇಡ. ನಾಟಕ ಪೂರ್ತಿ ನೋಡಿ ಅವತ್ತೇ ಊರು ಸೇರಬೇಕಾದರೆ ಸ್ವಂತ ಗಾಡಿ ಬೇಕು, ಇಲ್ಲವೇ ಮೈಸೂರಿನಲ್ಲಿ ನೆಂಟರ ಮನೆ ಇರಬೇಕು. ಹಗಲು ನಡೆಯುವ ವಸ್ತುಪ್ರದರ್ಶನ, ಸಂಕಿರಣ, ಸಿನಿಮಾ, ಸಂಜೆಯ ಜನಪದ ಕಾರ್ಯಕ್ರಮ ಇವುಗಳನ್ನು ಮಾತ್ರ ಬೆಳಿಗ್ಗೆ ಬಸ್ ಹತ್ತಿ ಹೋಗಿ, ನೋಡಿ, ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಪ್ರಯಾಣವೂ ಉಚಿತ.

ಹಾಗಾಗಿ ಆ ಅಂಗಳದಲ್ಲಿ ಏನಿರುತ್ತೆ, ಅದು ಅಲ್ಲಿಗೆ ಬಂದದ್ದು ಹೇಗೆ, ಈ ಭಾಗದ ಕಲಾವಿದರಿಗೆ, ಅಂಗಡಿಯವರಿಗೆ ಅಲ್ಲಿ ಜಾಗ ಎಷ್ಟು ಅನ್ನುವುದನ್ನು ತಿಳಿದುಕೊಂಡಿರುವುದು ಒಳ್ಳೇದು.

ಜಾಗ ಹೇಗಿದೆ

ರಂಗಾಯಣ ಇರುವುದು ಮೈಸೂರಿನ ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲಿ. ಕೊಳ್ಳೇಗಾಲಕ್ಕೆ ರೈಲಿಲ್ಲ, ಆದರೆ ಯಳಂದೂರು ಕಡೆಯವರು ಚಾಮರಾಜನಗರಕ್ಕೆ ಹೋಗಿ ಅಲ್ಲಿಂದ ರೈಲು ಹಿಡಿದರೆ ಮೈಸೂರು ನಿಲ್ದಾಣದಿಂದ ಕಲಾಮಂದಿರ ದೂರವಿಲ್ಲ. ಆಟೋ ಸಾಕು.

ಒಂದೇ ಕಾಂಪೌಂಡಿನಲ್ಲಿ ಹಲವು ಜಾಗಗಳಿವೆ. ದೊಡ್ಡದು ಕಲಾಮಂದಿರದ ಮುಖ್ಯ ಸಭಾಂಗಣ. ಅದೇ ಆವರಣದಲ್ಲಿ ಕಿರುರಂಗಮಂದಿರ, ಮನೆಯಂಗಳ ಎಂಬ ಸಭಾಂಗಣ, ಚಿತ್ರಪ್ರದರ್ಶನಕ್ಕೆ ಸುಚಿತ್ರ ಕಲಾ ಗ್ಯಾಲರಿ. ರಂಗಾಯಣದ ಸ್ವಂತದ್ದು ಎಂದರೆ ಭೂಮಿಗೀತ ರಂಗಮಂದಿರ, ಮರಗಳ ನಡುವೆ ಬಯಲಲ್ಲೇ ಇರುವ ವನರಂಗ, ಸಣ್ಣ ಪ್ರೇಕ್ಷಾಗೃಹವಾದ ಶ್ರೀರಂಗ. ಫೋಟೊ, ಪೋಸ್ಟರು, ಕಲಾಕೃತಿ ತೂಗುಹಾಕಲು ಲಂಕೇಶ್ ಗ್ಯಾಲರಿ ಇದೆ. ಜನಪದ ಕುಣಿತ, ಹಾಡಿಗೆ ಬಳಸುವ ಬಯಲು ವೇದಿಕೆಗೆ ‘ಕಿಂದರಿಜೋಗಿ’ ಅಂತ ಹೆಸರು. ಹೆಸರು ಕುವೆಂಪು ಅವರ ಮಕ್ಕಳ ಪದ್ಯದ ಕಥಾನಾಯಕನದು.

ಮೊದಲ ಸಲ ಹೋದವರಿಗೆ ತಬ್ಬಿಬ್ಬಾಗುವುದು ಸಹಜ. ಯಾವ ನಾಟಕ ಯಾವ ರಂಗದಲ್ಲಿ ಅನ್ನುವುದನ್ನು ಕರಪತ್ರದಲ್ಲಿ ಮೊದಲೇ ನೋಡಿಕೊಳ್ಳಬೇಕು. ಭೂಮಿಗೀತಕ್ಕೆ ಹೋಗಬೇಕಾದವರು ಕಲಾಮಂದಿರದ ಬಾಗಿಲಲ್ಲಿ ಸಾಲು ನಿಂತಿರೋದು ಆಗುತ್ತೆ.

ಈ ಕಟ್ಟಡಗಳಿಗಿಂತ ಮುಖ್ಯವಾದದ್ದು ಕಟ್ಟಡಗಳ ನಡುವಿನ ಜಾಗ. ಒಂದು ರಂಗದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬಯಲು ದಾಟಲೇಬೇಕು. ಆ ದಾರಿಯಲ್ಲೇ ಪುಸ್ತಕ, ಬಟ್ಟೆ, ಮಣ್ಣಿನ ಪಾತ್ರೆ, ಮರದ ಗೊಂಬೆ, ತಿಂಡಿ. ನಾಟಕಕ್ಕೆ ಬಂದವರು ಮಳಿಗೆ ನೋಡದೆ ಹೋಗಲಾಗದು. ಮಳಿಗೆಗೆ ಬಂದವರಿಗೆ ಒಳಗಿನ ತಮಟೆ ಸದ್ದು ಕೇಳದೆ ಇರದು. ಶಾಪಿಂಗ್ ಮಾಲ್ ಕಟ್ಟುವವರು ಇದನ್ನು ಲೆಕ್ಕ ಹಾಕಿ ಮಾಡುತ್ತಾರೆ. ಇಲ್ಲಿ ಮರ ಉಳಿಸಿಕೊಂಡದ್ದರಿಂದ ತಾನಾಗಿ ಆಗಿದೆ.

2010ರಲ್ಲಿ ಈ ಅಂಗಳವೇ ನಾಟಕವಾದ ಉದಾಹರಣೆಯೂ ಇದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು. ರಾತ್ರಿ ಇಡೀ, ಸುಮಾರು 9 ಗಂಟೆ ನಡೆದ ಆ ನಾಟಕಕ್ಕೆ ಆವರಣದಲ್ಲೇ ಬೇರೆ ಬೇರೆ ಕಡೆ ರಂಗಸ್ಥಳ ಮಾಡಲಾಗಿತ್ತು. ಪ್ರೇಕ್ಷಕರು ಎದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಹೋಗಿ ಕೂರಬೇಕಿತ್ತು. ಮಾದಪ್ಪನ ಕಥೆಯನ್ನೋ ಸಿದ್ದಪ್ಪಾಜಿ ಕಥೆಯನ್ನೋ ಬೆಳಗಿನ ಜಾವದ ತನಕ ಕೂತು ಕೇಳಿ ಅಭ್ಯಾಸವಿರುವ ಈ ಸೀಮೆಯವರಿಗೆ ರಾತ್ರಿ ಪೂರಾ ಕೂರುವುದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ.

ಗುಬ್ಬಿ ಕಂಪನಿಯಿಂದ ಭೋಪಾಲಕ್ಕೆ, ಅಲ್ಲಿಂದ ಮೈಸೂರಿಗೆ

ರಂಗಾಯಣ ಶುರುವಾಗಿದ್ದು 1989ರಲ್ಲಿ. ಸ್ಥಾಪಕ ನಿರ್ದೇಶಕ ಬಿ.ವಿ. ಕಾರಂತ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಡಿಯಲ್ಲಿ ಬರುವ, ಸಂಬಳ ಕೊಟ್ಟು ಕಲಾವಿದರನ್ನು ಇಟ್ಟುಕೊಂಡ ರೆಪರ್ಟರಿ ಇದು. ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಯಲ್ಲೂ ರಂಗಾಯಣಗಳಿವೆ. ಮೈಸೂರಿನದೇ ಮೊದಲನೆಯದು.

ಕಾರಂತರು ಬಂಟ್ವಾಳದ ಮಂಚಿಯವರು. ಹುಡುಗನಾಗಿದ್ದಾಗಲೇ ಮನೆಬಿಟ್ಟು ಬಂದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಅಂದಿನ ಕಂಪನಿ ನಾಟಕಕ್ಕೂ ಜಾತ್ರೆಗೂ ಬಿಡಿಸಲಾಗದ ನಂಟು. ಜಾತ್ರೆ ಎಲ್ಲಿಯೋ ಟೆಂಟು ಅಲ್ಲಿ. ಟೆಂಟಿನ ಹೊರಗೆ ಬತ್ತಾಸು, ಬಳೆ, ಪುರಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ಹಲವು ನಾಟಕ ಕಂಪನಿಗಳು ಒಟ್ಟಿಗೆ ಬಿಡಾರ ಹೂಡುತ್ತವೆ. ನಾಟಕವನ್ನು ನಾಟಕವೆಂದಷ್ಟೇ ನೋಡುವ ಪದ್ಧತಿ ನಮ್ಮಲ್ಲಿ ಹಳೆಯದಲ್ಲ, ಅದು ಪೇಟೆಯ ಸಭಾಂಗಣ ಬಂದ ಮೇಲಿನದು.

ಆಮೇಲೆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಅಲ್ಲಿಂದ ಭೋಪಾಲದ ಭಾರತ ಭವನಕ್ಕೆ ಹೋಗಿ ‘ರಂಗಮಂಡಲ’ ನಡೆಸಿದರು. 1982ರಲ್ಲಿ ತೆರೆದ ಭಾರತ ಭವನ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಟ್ಟಡ. ಕೆರೆ ದಂಡೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಗಳಗಳು. ಒಂದು ಕಡೆ ರಂಗಭೂಮಿ, ಪಕ್ಕದಲ್ಲೇ ಆದಿವಾಸಿ ಕಲೆಯ ಸಂಗ್ರಹಾಲಯ, ಚಿತ್ರಕಲೆಯ ಗ್ಯಾಲರಿ, ಕಾವ್ಯದ ಕೇಂದ್ರ. ಕಲಾವಿದ ಜೆ. ಸ್ವಾಮಿನಾಥನ್ ಅಲ್ಲಿ ಗೊಂಡ, ಭಿಲ್ಲ ಸಮುದಾಯದವರ ಚಿತ್ರಗಳನ್ನು ಪೇಟೆಯ ಕಲಾವಿದರ ಚಿತ್ರದ ಸಮಕ್ಕೆ ತೂಗುಹಾಕಿಸಿದರು. ಅದು ಆ ಕಾಲಕ್ಕೆ ದೊಡ್ಡ ಮಾತು.

ಗುಬ್ಬಿ ಕಂಪನಿಯ ಟೆಂಟು, ಭಾರತ ಭವನದ ಅಂಗಳ ಎರಡನ್ನೂ ಕಂಡವರು ಕಟ್ಟಿದ ಸಂಸ್ಥೆಯಲ್ಲಿ ಬಯಲಿಗೆ ಬೆಲೆ ಬಂದದ್ದು ಆಶ್ಚರ್ಯವಲ್ಲ. ಬೇಸಿಗೆ ರಜೆಯ ಚಿಣ್ಣರ ಮೇಳ ಕಾರಂತರ ಕಾಲದ್ದೇ. ರಜೆಯ ಆ ದಿನಗಳಲ್ಲಿ ಇಡೀ ಆವರಣ ಮಕ್ಕಳದಾಗಿರುತ್ತದೆ.

‘ಬಹುರೂಪಿ’ ಶುರುವಾದದ್ದು 2001ರಲ್ಲಿ, ಪ್ರಸನ್ನ ನಿರ್ದೇಶಕರಾಗಿದ್ದಾಗ. ಪ್ರಸನ್ನ ಬರೀ ನಾಟಕದವರಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ‘ಚರಕ’ ಎಂಬ ಮಹಿಳೆಯರ ಕೈಮಗ್ಗ ಸಹಕಾರ ಸಂಘದ ಹಿಂದೆ ಇದ್ದವರು. ನಾಟಕೋತ್ಸವದ ಅಂಗಳದಲ್ಲಿ ಕೈಮಗ್ಗದ ಬಟ್ಟೆಗೆ ಜಾಗ ಸಿಕ್ಕಿದ್ದರ ಹಿಂದೆ ಈ ಹಿನ್ನೆಲೆಯನ್ನೂ ನೆನೆಯಬಹುದು. ನೇಯ್ಗೆಯ ಊರಾದ ಕೊಳ್ಳೇಗಾಲಕ್ಕೆ ಇದು ದೂರದ ವಿಷಯವಲ್ಲ.

ಪ್ರತಿ ಸಲ ಒಂದು ಆಶಯ

ಬಹುರೂಪಿಗೆ ಪ್ರತಿ ಬಾರಿ ಒಂದು ವಿಷಯ ಇಟ್ಟುಕೊಳ್ಳುವುದು ರೂಢಿ. ಅದನ್ನು ‘ಆಶಯ’ ಅಂತಾರೆ. 2018ರಲ್ಲಿ ವಲಸೆ, 2019ರಲ್ಲಿ ಲಿಂಗ ಸಮಾನತೆ, 2020ರಲ್ಲಿ ಗಾಂಧಿ ಪಥ. ಕೋವಿಡ್ ನಂತರ 2022ರ ಮಾರ್ಚ್‌ನಲ್ಲಿ ‘ತಾಯಿ’, ಅದೇ ವರ್ಷ ಡಿಸೆಂಬರ್‌ನಲ್ಲಿ ‘ಭಾರತೀಯತೆ’. 2024ರ ಮಾರ್ಚ್‌ನಲ್ಲಿ ಬಸವಣ್ಣನವರ ವಚನವೊಂದರ ಮಾತನ್ನೇ ಆಶಯ ಮಾಡಿಕೊಳ್ಳಲಾಯಿತು. 2025ರ ಜನವರಿಯಲ್ಲಿ ‘ಬಿಡುಗಡೆ’. ತಿಂಗಳುಗಳನ್ನು ಗಮನಿಸಿದರೆ ಗೊತ್ತಾಗುತ್ತೆ, ಉತ್ಸವಕ್ಕೆ ಕಾಯಂ ದಿನಾಂಕ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಯಾವಾಗ ಬೇಕಾದರೂ ಬರಬಹುದು. ಪತ್ರಿಕೆ ನೋಡುತ್ತಿರಬೇಕು.

ಆಶಯಕ್ಕೆ ತಕ್ಕಂತೆ ನಾಟಕ ಆಯ್ಕೆ, ಆಶಯಕ್ಕೆ ತಕ್ಕಂತೆ ರಾಷ್ಟ್ರೀಯ ವಿಚಾರ ಸಂಕಿರಣ, ಶ್ರೀರಂಗದಲ್ಲಿ ಬಹುರೂಪಿ ಚಲನಚಿತ್ರೋತ್ಸವ, ಗ್ಯಾಲರಿಯಲ್ಲಿ ಪ್ರದರ್ಶನ. ಸಂಕಿರಣಕ್ಕೆ ಬೇರೆ ಬೇರೆ ರಾಜ್ಯಗಳಿಂದ ಲೇಖಕರು, ಹೋರಾಟಗಾರರು, ರಂಗಕರ್ಮಿಗಳು ಬರುತ್ತಾರೆ. ನಾಟಕಗಳಿಗೆ ಟಿಕೆಟ್ ಇದೆ, ಇತ್ತೀಚಿನ ವರ್ಷಗಳಲ್ಲಿ ಒಂದಕ್ಕೆ 100 ರೂಪಾಯಿ. ಸಂಕಿರಣ, ವಸ್ತುಪ್ರದರ್ಶನ, ಬಯಲಿನ ಜನಪದ ಕಾರ್ಯಕ್ರಮಕ್ಕೆ ಟಿಕೆಟ್ ಬೇಕಿಲ್ಲ.

‘ವಲಸೆ’ ಆಶಯದ ವರ್ಷ ಹನೂರು ಕಡೆಯವರು ಮಾತನಾಡಬಹುದಾಗಿದ್ದ ವರ್ಷ. ಮಳೆ ಕೈಕೊಟ್ಟರೆ ಬೆಂಗಳೂರಿಗೋ, ತಮಿಳುನಾಡಿನ ಕಡೆಗೋ, ಕೊಡಗಿನ ತೋಟಕ್ಕೋ ಗಂಟುಮೂಟೆ ಕಟ್ಟುವುದು ಇಲ್ಲಿ ಹೊಸದಲ್ಲ. ಒಡೆಯರಪಾಳ್ಯದಲ್ಲಿ ಟಿಬೆಟಿನಿಂದ ಬಂದವರ ವಸತಿಯೇ ಇದೆ. ಬಂದು ನೆಲೆನಿಂತವರೂ ಇಲ್ಲೇ, ಬಿಟ್ಟು ಹೋಗುವವರೂ ಇಲ್ಲೇ. ಇಂಥ ವಿಷಯದ ಸಂಕಿರಣಕ್ಕೆ ಹನೂರು ಕಾಲೇಜಿನ ಹುಡುಗರು ಒಂದು ಬಸ್ಸಿನಷ್ಟು ಹೋಗಿ ಕೂತರೂ ಲಾಭವೇ. ಎಷ್ಟೋ ಕಾಲೇಜುಗಳಿಗೆ ಸಂಕಿರಣದ ಸುದ್ದಿ ಮುಟ್ಟುವುದು ಅದು ಮುಗಿದ ಮಾರನೇ ದಿನ, ಪೇಪರಿನಲ್ಲಿ. ಆಶಯ ಮೊದಲೇ ಪ್ರಕಟವಾಗುತ್ತೆ. ಕನ್ನಡ, ಸಮಾಜಶಾಸ್ತ್ರದ ಅಧ್ಯಾಪಕರು ಆಗಲೇ ಪತ್ರ ಬರೆದುಕೊಂಡರೆ ಆಯಿತು.

ಸಂಕಿರಣ ಅಂದ್ರೆ ಬರೀ ಶಾಲು, ಹಾರ, ಭಾಷಣ ಅಂತ ತಾತ್ಸಾರ ಮಾಡುವವರಿಗೆ 2021ರ ಕೊನೆಯಲ್ಲಿ ನಡೆದದ್ದನ್ನು ನೆನಪಿಸಬಹುದು. ಉತ್ಸವಕ್ಕೆ ಕರೆದಿದ್ದ ಅತಿಥಿಗಳ ಆಯ್ಕೆಯನ್ನು ವಿರೋಧಿಸಿ ಮೈಸೂರಿನ ರಂಗಕರ್ಮಿಗಳು, ಸಾಹಿತಿಗಳು ರಂಗಾಯಣದ ಮುಂದೆಯೇ ಪ್ರತಿಭಟನೆಗೆ ಕೂತರು. ಇನ್ನೊಂದು ಗುಂಪು ಆಯ್ಕೆಯನ್ನು ಸಮರ್ಥಿಸಿತು. ಯಾರು ಸರಿ ಅನ್ನುವುದು ಬೇರೆ ಚರ್ಚೆ. ಸರ್ಕಾರಿ ರಂಗಮಂದಿರದ ಅಂಗಳದಲ್ಲಿ ಯಾರು ಮಾತನಾಡಬೇಕು ಅನ್ನುವುದು ಜನ ಜಗಳ ಆಡುವಷ್ಟು ಮುಖ್ಯವಾದ ಪ್ರಶ್ನೆ ಅನ್ನುವುದಂತೂ ಅವತ್ತು ಗೊತ್ತಾಯಿತು.

ಕಂಸಾಳೆ ಅಲ್ಲಿ ಅರ್ಧ ಗಂಟೆ

ಈ ಮೂರು ತಾಲ್ಲೂಕು ಕಲೆಯಲ್ಲಿ ಬಡವಲ್ಲ. ಮಲೆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರು, ಅವರ ಕೈಯ ಕಂಚಿನ ಕಂಸಾಳೆ, ಅದರಿಂದ ಬೆಳೆದ ಬೀಸು ಕಂಸಾಳೆ; ತಂಬೂರಿ ಹಿಡಿದು ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿ ಕಥೆ ಹಾಡುವ ನೀಲಗಾರರು; ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟದ ಸೋಲಿಗರ ಗೊರುಕನ; ಗೊರವರ ಕುಣಿತ. ಪಿ.ಕೆ. ರಾಜಶೇಖರ ಅವರು ಮಲೆ ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ ಪುಸ್ತಕವಾಗಿ ತಂದ ಮೇಲೆ ವಿಶ್ವವಿದ್ಯಾಲಯಗಳಿಗೂ ಇದರ ಗಾತ್ರ ತಿಳಿಯಿತು. ಕನ್ನಡದ ಆಧುನಿಕ ರಂಗಭೂಮಿಯೂ ಇಲ್ಲಿಂದ ಬೇಕಾದಷ್ಟು ತೆಗೆದುಕೊಂಡಿದೆ. ಎಚ್.ಎಸ್. ಶಿವಪ್ರಕಾಶ್ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಬರೆದರು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ರಂಗಾಯಣ ನಾಟಕ ಮಾಡಿತು. ಅದರ ಮಾತು ಈ ಸೀಮೆಯವರಿಗೆ ಅರ್ಥಕೋಶ ಇಲ್ಲದೆ ತಿಳಿಯುವಂಥದು.

ಬಹುರೂಪಿಯ ಸಂಜೆ ಕಿಂದರಿಜೋಗಿ ವೇದಿಕೆಗೆ ಕಂಸಾಳೆ, ಗೊರವರ ಕುಣಿತದಂಥ ಕಲೆಗಳು ಬರುತ್ತವೆ. ಜನ ಸುತ್ತುಗಟ್ಟಿ ನೋಡುತ್ತಾರೆ, ಮೊಬೈಲಲ್ಲಿ ಹಿಡಿಯುತ್ತಾರೆ. ಸಂತೋಷ. ಆದರೆ ಏಳು ರಾತ್ರಿ ಹಾಡಿದರೂ ಮುಗಿಯದ ಕಾವ್ಯವನ್ನು ಅರ್ಧ, ಮುಕ್ಕಾಲು ಗಂಟೆಗೆ ಇಳಿಸಿದರೆ ಉಳಿಯುವುದು ಕುಣಿತ ಮಾತ್ರ, ಕಥೆ ಹೋಗುತ್ತೆ. ನೋಡಿದವರಿಗೆ ಕಂಸಾಳೆ ಅಂದ್ರೆ ಕಸರತ್ತು ಅನ್ನಿಸಿಬಿಡುವ ಅಪಾಯ ಇದೆ. ಇದು ಬಹುರೂಪಿಯ ತಪ್ಪು ಮಾತ್ರ ಅಲ್ಲ. ದಸರಾ ಮೆರವಣಿಗೆಯಿಂದ ಹಿಡಿದು ಶಾಲಾ ವಾರ್ಷಿಕೋತ್ಸವದ ತನಕ ಎಲ್ಲ ಕಡೆ ಜನಪದಕ್ಕೆ ಸಿಗೋದು ಇಷ್ಟೇ ಹೊತ್ತು.

ರಂಗಾಯಣದ ಅಂಗಳದಲ್ಲಿ ಇದಕ್ಕೊಂದು ದಾರಿ ಇದೆ, ಯಾಕಂದ್ರೆ ಅಲ್ಲಿ ವೇದಿಕೆಯ ಜೊತೆ ಸಂಕಿರಣದ ಸಭಾಂಗಣವೂ, ಗ್ಯಾಲರಿಯೂ ಒಂದೇ ಕಾಂಪೌಂಡಿನಲ್ಲಿವೆ. ಸಂಜೆ ಕುಣಿದವರು ಮಾರನೇ ದಿನ ಬೆಳಿಗ್ಗೆ ಸಂಕಿರಣದ ಕುರ್ಚಿಯಲ್ಲಿ ಕೂತು ತಮ್ಮ ಕಸುಬಿನ ಬಗ್ಗೆ ತಾವೇ ಮಾತನಾಡಬಹುದು. ಗುಡ್ಡ ಬಿಡುವ ದೀಕ್ಷೆ ಏನು, ಕಂಸಾಳೆಯ ಎರಡು ಬಟ್ಟಲಲ್ಲಿ ಯಾವುದು ಯಾವ ಕೈಗೆ, ತಂಬೂರಿಗೆ ಬುರುಡೆ ಎಲ್ಲಿಂದ ತರುತ್ತಾರೆ ಅನ್ನುವುದನ್ನು ಗ್ಯಾಲರಿಯಲ್ಲಿ ಮುಂದಿಟ್ಟು ತೋರಿಸಬಹುದು. ಉತ್ಸವಕ್ಕೆ ಹೋಗುವ ತಂಡಗಳು ಸಂಭಾವನೆ ಮಾತಾಡುವಾಗಲೇ ಇದನ್ನೂ ಕೇಳಬೇಕು: ಕುಣಿತದ ಜೊತೆ ಮಾತಿಗೆ ಒಂದು ಗಂಟೆ, ರಾತ್ರಿ ಉಳಿಯೋಕೆ ಜಾಗ.

ಇನ್ನೊಂದು ತೊಂದರೆ ಪಂಚಾಂಗದ್ದು. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಶುರುವಾಗುವುದು ಬನದ ಹುಣ್ಣಿಮೆಯ ರಾತ್ರಿ, ಚಂದ್ರಮಂಡಲಕ್ಕೆ ಬೆಂಕಿ ಕೊಡುವುದರೊಂದಿಗೆ. ಅಲ್ಲಿಂದ ಐದು ದಿನ. ನೀಲಗಾರರಿಗೆ ವರ್ಷದಲ್ಲಿ ಅದಕ್ಕಿಂತ ದೊಡ್ಡ ದಿನ ಇಲ್ಲ. 2025ರಲ್ಲಿ ಬನದ ಹುಣ್ಣಿಮೆ ಬಿದ್ದದ್ದು ಜನವರಿ 13ಕ್ಕೆ, ಬಹುರೂಪಿ ಆರಂಭವಾದದ್ದು ಜನವರಿ 14ಕ್ಕೆ. ತಂಬೂರಿ ಹಿಡಿದವರು ಚಿಕ್ಕಲ್ಲೂರಿಗೆ ಹೋಗಬೇಕೋ ಮೈಸೂರಿಗೆ ಹೋಗಬೇಕೋ? ಉತ್ತರ ಕೇಳುವ ಅಗತ್ಯವೇ ಇಲ್ಲ. ಜಾತ್ರೆಯಲ್ಲಿ ಅಂಗಡಿ ಹಾಕುವ ವ್ಯಾಪಾರಿಗಳಿಗೂ ಅದೇ ಪೇಚು. ಹುಣ್ಣಿಮೆ ಯಾವತ್ತು ಅನ್ನೋದು ಕ್ಯಾಲೆಂಡರಿನಲ್ಲಿ ವರ್ಷ ಮೊದಲೇ ಅಚ್ಚಾಗಿರುತ್ತೆ. ಉತ್ಸವ ಜನವರಿಯಲ್ಲೇ ಆಗಬೇಕಿದ್ದರೆ ಒಂದು ವಾರ ಆಚೀಚೆ ಮಾಡಿ ಅಂತ ಈ ಭಾಗದ ಜನಪ್ರತಿನಿಧಿಗಳು, ಕಲಾವಿದರ ಸಂಘಗಳು ಇಲಾಖೆಗೆ ಒಂದು ಪತ್ರ ಬರೆದರೆ ಖರ್ಚೇನೂ ಇಲ್ಲ.

ಮಳಿಗೆ ಹಾಕುವವರು ತಿಳಿದಿರಬೇಕಾದ್ದು

ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರಿಗಳಿಗೆ ಮೈಸೂರು ಸುಲಭದ ಮಾರುಕಟ್ಟೆ ಅಲ್ಲ. 1912ರಿಂದ ರೇಷ್ಮೆ ಕಾರ್ಖಾನೆ ಇರುವ ಊರದು, ‘ಮೈಸೂರು ಸಿಲ್ಕ್’ ಅನ್ನೋ ಹೆಸರಿನ ಮುಂದೆ ಬೇರೆ ರೇಷ್ಮೆ ನಿಲ್ಲಿಸುವುದು ಕಷ್ಟ. ಜೊತೆಗೆ ನಾಟಕಕ್ಕೆ ಬಂದವರು ಮದುವೆ ಜವಳಿ ತೆಗೆಯುವ ಮನಸ್ಸಲ್ಲಿ ಇರುವುದಿಲ್ಲ. ಇಂಥ ಅಂಗಳದಲ್ಲಿ ಕೈಗೆಟುಕುವ ಬೆಲೆಯ, ಚೀಲದಲ್ಲಿ ಹಾಕಿಕೊಂಡು ನಾಟಕಕ್ಕೆ ಕೂರಬಹುದಾದ ಮಾಲು ಓಡುತ್ತೆ: ರವಿಕೆ ಬಟ್ಟೆ, ಶಾಲು, ರೇಷ್ಮೆ ತುಂಡಿನ ಚೀಲ, ಹತ್ತಿ ಸೀರೆ. ಮಗ್ಗದ ಫೋಟೊ ಒಂದು ಹಿಂದೆ ತೂಗುಹಾಕಿ, ಇದು ಕೊಳ್ಳೇಗಾಲದಲ್ಲಿ ನೇಯ್ದದ್ದು ಅಂತ ಬರೆದಿಟ್ಟರೆ ಮಾತು ಶುರುವಾಗುತ್ತೆ. ಸೀರೆ ಗಿರಾಕಿ ಆಮೇಲೆ ಅಂಗಡಿ ಹುಡುಕಿಕೊಂಡು ಬರಬಹುದು.

ಶುದ್ಧ ರೇಷ್ಮೆ ಇಟ್ಟವರಿಗೆ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅರ್ಧ ಮಾತು ಉಳಿಯುತ್ತೆ. ಕೇಂದ್ರ ರೇಷ್ಮೆ ಮಂಡಳಿಯ ಕಡೆಯಿಂದ 2004ರಿಂದ ಜಾರಿಯಲ್ಲಿರುವ ಗುರುತು ಅದು. ಹಾಗೇ ಪವರ್‌ಲೂಮ್ ಮಾಲನ್ನು ಕೈಮಗ್ಗ ಅಂತ ಬರೆದಿಡುವುದು ಬೇಡ. ಅಲ್ಲಿಗೆ ಬರುವವರಲ್ಲಿ ಬಟ್ಟೆಯ ಅಂಚು ತಿರುಗಿಸಿ ನೋಡಿ ಹೇಳಬಲ್ಲವರು ಇರುತ್ತಾರೆ, ಒಂದು ಸಲ ಹೆಸರು ಕೆಟ್ಟರೆ ಊರಿನ ಹೆಸರೇ ಕೆಡುತ್ತೆ.

ಯಳಂದೂರು, ಹನೂರು ಕಡೆಯಿಂದ ಹೋಗಬಹುದಾದ್ದು ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೇನು, ಕಾಫಿ. ಮಹದೇಶ್ವರ ಬೆಟ್ಟದ ಸುತ್ತ ಸೋಲಿಗರು ಲಂಟಾನ ಕಡ್ಡಿಯಿಂದ ಹೆಣೆಯುವ ಕುರ್ಚಿ, ಬುಟ್ಟಿ, ಆನೆ. ಕಾಡನ್ನು ನುಂಗುತ್ತಿರುವ ಕಳೆಯೊಂದು ಮನೆಯ ಕುರ್ಚಿಯಾಗುವುದೇ ನಾಟಕದಂತಿದೆ. ಇದನ್ನು ಮಾರಾಟಕ್ಕೆ ಇಡುವುದಷ್ಟೇ ಅಲ್ಲ, ಹೆಣೆಯುವವರನ್ನೇ ಕೂರಿಸಿ ಹೆಣೆದು ತೋರಿಸಿದರೆ ಅದು ಪ್ರದರ್ಶನವೇ ಆಗುತ್ತೆ. ಮಕ್ಕಳಂತೂ ಅಲ್ಲಿಂದ ಏಳುವುದಿಲ್ಲ.

ತಿಂಡಿ ಮಳಿಗೆಯವರಿಗೆ ಆಹಾರ ಸುರಕ್ಷತಾ ನೋಂದಣಿ ಬೇಕು. ಬೀದಿ ಬದಿಯ ಸಣ್ಣ ವ್ಯಾಪಾರಿಗೂ ಇದು ಅನ್ವಯ. ಮಳಿಗೆ ಹಂಚಿಕೆ, ಬಾಡಿಗೆ, ಎಷ್ಟು ಅಡಿ ಜಾಗ ಎಂಬುದೆಲ್ಲ ಆಯಾ ವರ್ಷ ರಂಗಾಯಣದ ಕಚೇರಿಯಲ್ಲೇ ತೀರ್ಮಾನವಾಗುವ ವಿಷಯ. ಉತ್ಸವದ ಹಿಂದಿನ ದಿನ ಹೋಗಿ ಕೇಳಿದರೆ ಆಗದು, ದಿನಾಂಕ ಪ್ರಕಟವಾದ ವಾರದಲ್ಲೇ ವಿಚಾರಿಸಬೇಕು. ಇಬ್ಬರು ಮೂವರು ವ್ಯಾಪಾರಿಗಳು ಸೇರಿ ಒಂದು ಮಳಿಗೆ ಹಿಡಿದರೆ ಬಾಡಿಗೆಯೂ ಹಂಚಿಹೋಗುತ್ತೆ, ದಿನಾ ಒಬ್ಬರು ಊರ ಅಂಗಡಿ ನೋಡಿಕೊಳ್ಳಬಹುದು. ವ್ಯಾಪಾರ ಹೆಚ್ಚುವುದು ಸಂಜೆ 5ರಿಂದ ನಾಟಕದ ಬೆಲ್ ಹೊಡೆಯುವ ತನಕ, ಆಮೇಲೆ ನಾಟಕ ಬಿಟ್ಟ ಹೊತ್ತಿಗೆ. ಮಧ್ಯಾಹ್ನ ನೊಣ ಹೊಡೆಯುವ ಹೊತ್ತು. ಆಗ ಪಕ್ಕದ ಸಂಕಿರಣಕ್ಕೆ ಹೋಗಿ ಕೂತು ಬಂದರೆ ನಷ್ಟವಿಲ್ಲ.

ಇಲ್ಲಿ ಅಂಗಳ ಎಲ್ಲಿದೆ?

ಜಿಲ್ಲಾ ಕೇಂದ್ರದಲ್ಲಿ ವರನಟ ಡಾ. ರಾಜ್‌ಕುಮಾರ್ ಜಿಲ್ಲಾ ರಂಗಮಂದಿರ ಇದೆ. ಹೆಸರು ತಕ್ಕದ್ದೇ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಸಿಂಗಾನಲ್ಲೂರು ಕೊಳ್ಳೇಗಾಲದ ಸೀಮೆಯದೇ. ತಂದೆ, ಮಗ ಇಬ್ಬರೂ ಕಂಪನಿ ನಾಟಕದಲ್ಲಿ ಬೆಳೆದವರು. ಚಾಮರಾಜನಗರದಲ್ಲಿ ಶಾಂತಲಾ ಕಲಾವಿದರು ತಂಡ ನಾಟಕವನ್ನು ಜೀವಂತ ಇಟ್ಟುಕೊಂಡು ಬಂದಿದೆ. ಜಿಲ್ಲಾ ರಂಗಮಂದಿರದಲ್ಲಿ ಜಯಂತಿ, ಸಭೆ, ಸನ್ಮಾನಗಳ ಸಂಖ್ಯೆ ನಾಟಕಗಳ ಸಂಖ್ಯೆಗಿಂತ ಜಾಸ್ತಿ. ಸರ್ಕಾರಿ ಸಭಾಂಗಣಗಳ ಹಣೆಬರಹ ಎಲ್ಲ ಕಡೆ ಇದೇ. ಆದರೆ ಜಯಂತಿಗೆ ಬಂದ ನೂರಾರು ಜನ ಒಳಗೆ ಹೋಗುವ ಮುಂಚೆ, ಹೊರಗೆ ಬಂದ ಮೇಲೆ ಏನು ನೋಡುತ್ತಾರೆ? ಗೋಡೆ ಖಾಲಿ, ಮೊಗಸಾಲೆ ಖಾಲಿ. ಅಲ್ಲಿ ರಾಜ್‌ಕುಮಾರ್ ಅವರ ರಂಗಭೂಮಿ ದಿನಗಳ ಬಗ್ಗೆ ಹತ್ತು ಫೋಟೊ, ಮಹದೇಶ್ವರ ಕಾವ್ಯದ ಬಗ್ಗೆ ಹತ್ತು ಫಲಕ, ಸೋಲಿಗರ ವಾದ್ಯಗಳ ಒಂದು ಕಪಾಟು ಇಟ್ಟರೆ ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ತಾಲ್ಲೂಕಿಗೆ ಬಂದರೆ ಕೊಳ್ಳೇಗಾಲದಲ್ಲಿ ದೊಡ್ಡ ಕಾರ್ಯಕ್ರಮಕ್ಕೆ ಎಂಜಿಎಸ್‌ವಿ ಕಾಲೇಜು ಮೈದಾನ, ಸಣ್ಣದಕ್ಕೆ ಕಲ್ಯಾಣ ಮಂಟಪ. ಯಳಂದೂರಿನಲ್ಲಿ ಹಳೆಯ ಜಹಗೀರ್‌ದಾರ್ ಬಂಗಲೆಯಲ್ಲಿ ದಿವಾನ್ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯ ಇದೆ. ಗೌರೀಶ್ವರ ದೇವಸ್ಥಾನದ ಬಳೇ ಮಂಟಪ ನಡೆದುಹೋಗುವಷ್ಟು ಹತ್ತಿರ. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಇದೇ ಊರಿನವಳು. ಸಣ್ಣದೊಂದು ವಸ್ತುಪ್ರದರ್ಶನ, ಒಂದು ವಿಚಾರ ಸಂಕಿರಣ, ಸಂಜೆಗೆ ಒಂದು ನಾಟಕ ಎಲ್ಲವನ್ನೂ ಅರ್ಧ ಕಿಲೋಮೀಟರ್ ಒಳಗೆ ಮಾಡಬಹುದಾದ ಊರು ಈ ಮೂರರಲ್ಲಿ ಯಳಂದೂರೇ. ಹನೂರು ಹೊಸ ತಾಲ್ಲೂಕು, ಕಚೇರಿಗಳೇ ಒಂದೊಂದಾಗಿ ಕಟ್ಟಿಕೊಳ್ಳಬೇಕಾದ ಸ್ಥಿತಿ. ಅಲ್ಲಿ ಮುಂದೆ ಕಟ್ಟುವ ಭವನಗಳ ನಕ್ಷೆ ಇನ್ನೂ ಕಾಗದದಲ್ಲಿರುವಾಗಲೇ ಅಂಗಳದ ಮಾತು ಎತ್ತಬೇಕು.

ಹಳ್ಳಿಯಲ್ಲಿ ಇದೆಲ್ಲ ಆಗದು ಅನ್ನುವವರಿಗೆ ಹೆಗ್ಗೋಡು ಕಣ್ಣಮುಂದಿದೆ. ಅಡಿಕೆ ತೋಟಗಳ ನಡುವಿನ ಸಣ್ಣ ಊರು. 1949ರಲ್ಲಿ ಅಲ್ಲಿ ನೀನಾಸಂ ಹುಟ್ಟಿತು, 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಬಂತು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ರಾಜ್ಯದ ಎಲ್ಲ ಕಡೆಯಿಂದ ಜನ ಬಂದು ಹಗಲೆಲ್ಲ ಉಪನ್ಯಾಸ ಕೇಳಿ, ಒಟ್ಟಿಗೆ ಊಟ ಮಾಡಿ, ರಾತ್ರಿ ನಾಟಕ ನೋಡುತ್ತಾರೆ. ಬೆಂಗಳೂರಿನ ರಂಗಶಂಕರದಲ್ಲಿ, 2004ರಿಂದ, ನಾಟಕದ ಬಾಗಿಲ ಹೊರಗೇ ಪುಸ್ತಕದಂಗಡಿ, ತಿಂಡಿ. ನಾಟಕಕ್ಕೆ ತಡವಾಗಿ ಬಂದವರನ್ನು ಒಳಗೆ ಬಿಡಲ್ಲ, ಆದರೆ ಹೊರಗೆ ಕೂತು ಕಾಫಿ ಕುಡಿಯೋಕೆ ಅಡ್ಡಿ ಇಲ್ಲ. ಲಂಡನ್ನಿನ ನ್ಯಾಷನಲ್ ಥಿಯೇಟರ್ ಕೂಡ ತನ್ನ ಮೊಗಸಾಲೆಗಳನ್ನು ಟಿಕೆಟ್ ಇಲ್ಲದವರಿಗೂ ಹಗಲು ತೆರೆದಿಟ್ಟಿರುತ್ತೆ.

ತಾಲ್ಲೂಕಿನಲ್ಲಿ ರಂಗಮಂದಿರ ಬೇಕು ಅನ್ನುವ ಬೇಡಿಕೆ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಆಸನಗಳ ಸಂಖ್ಯೆ, ಎ.ಸಿ., ಧ್ವನಿವರ್ಧಕ. ಇದರ ಜೊತೆ ಸೇರಿಸಬೇಕಾದ್ದು ಬೇರೆ ಕೆಲವಿದೆ: ಹತ್ತು ಮಳಿಗೆ ನಿಲ್ಲುವಷ್ಟು ನೆರಳಿನ ಬಯಲು, ಚಿತ್ರ ತೂಗುಹಾಕಬಹುದಾದ ಗೋಡೆ ಮತ್ತು ದೀಪ, ಹೊರಗಿನಿಂದಲೇ ಬಳಸಬಹುದಾದ ಶೌಚಾಲಯ, ಕುಡಿಯುವ ನೀರು, ಐವತ್ತು ಜನ ಕೂರುವ ಸಣ್ಣ ಕೊಠಡಿ, ದೂರದ ಕಲಾವಿದರು ರಾತ್ರಿ ಮಲಗಲು ಒಂದು ಹಾಲ್. ದೊಡ್ಡ ಸಭಾಂಗಣ ವರ್ಷದಲ್ಲಿ ಎಷ್ಟೋ ದಿನ ಬೀಗ ಹಾಕಿರುತ್ತೆ. ಬಯಲಿಗೆ ಬೀಗ ಇರಲ್ಲ.

ಕಾರ್ಯಕ್ರಮಕ್ಕೆ ಸರ್ಕಾರದ ನೆರವು ಬೇಕಾದ ಸಂಘ ಸಂಸ್ಥೆಗಳು, ಕಲಾತಂಡಗಳು ಚಾಮರಾಜನಗರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಧನಸಹಾಯದ ಅರ್ಜಿಗಳನ್ನು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕಾಗುತ್ತೆ, ಕಂಪ್ಯೂಟರ್ ಗೊತ್ತಿಲ್ಲದ ಕಲಾವಿದರಿಗೆ ಗ್ರಾಮ ಒನ್ ಕೇಂದ್ರ ಇದೆ. ಕಡೇ ದಿನದ ತನಕ ಕಾಯಬಾರದು. ಆಧಾರ್, ಬ್ಯಾಂಕ್ ಪುಸ್ತಕದ ಹೆಸರು ಹೊಂದಿಕೆಯಾಗದೆ ಅರ್ಜಿ ವಾಪಸ್ ಬಂದರೆ ಸರಿಮಾಡಿಸೋಕೆ ಹೊತ್ತು ಹಿಡಿಯುತ್ತೆ. ತಂಡದ ಹಿಂದಿನ ಕಾರ್ಯಕ್ರಮಗಳ ಕರಪತ್ರ, ಪತ್ರಿಕಾ ವರದಿ, ಫೋಟೊಗಳನ್ನು ಒಂದು ಫೈಲಿನಲ್ಲಿ ಹಾಕಿಟ್ಟುಕೊಂಡವರಿಗೆ ಈ ಕೆಲಸ ಅರ್ಧ ಹಗುರ.